ಸಲೈನ್ ಬಾಟಲಿಗೆ ಚುಚ್ಚಿದ ಸೂಜಿ

ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಇಳಿಸುವ ತೆಳು ಕೊಳವೆ) ಹಾಕುವಾಗ ನಮ್ಮ ಮುಂಬೈ ಐಸಿಯುನಲ್ಲಿ ಶಿಸ್ತಿಗೇನೂ ಕೊರತೆ ಇರಲಿಲ್ಲ. ಟೋಪಿ, ಮಾಸ್ಕ್, ಗೌನು, ಮೈತುಂಬ ಸ್ಟೆರೈಲ್ ಹೊದಿಕೆ, ಚರ್ಮಕ್ಕೆ ಹಚ್ಚಿದ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಒಣಗುವ ತನಕ ಕಾಯುವುದು, ಎಲ್ಲ ಇತ್ತು. ಆದರೂ ವಾರ ಕಳೆದ ಮೇಲೆ ಚಳಿಜ್ವರ, ರಕ್ತದ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಇಷ್ಟು ತಡವಾಗಿ ಬರುವ ಸೋಂಕಿಗೆ ಲೈನ್ ಹಾಕಿದವರಿಗಿಂತ ದಿನಾ ಅದನ್ನು ಮುಟ್ಟುವವರ ಕೈ ನೋಡಬೇಕು.

ಮೊದಲು ಸಿಕ್ಕಿದ್ದು ಗಾಳಿಗೆಂದು ಸೂಜಿ ಚುಚ್ಚಿದ ಸಲೈನ್ ಬಾಟಲಿ. ಗಟ್ಟಿ ಪ್ಲಾಸ್ಟಿಕ್ ಕುಗ್ಗುವುದಿಲ್ಲ, ಗಾಳಿ ಒಳಹೋಗದಿದ್ದರೆ ಹನಿ ನಿಧಾನವಾಗಿ ನಿಂತೇ ಹೋಗುತ್ತದೆ. "ಸೂಜಿ ಚುಚ್ಚಲಿಲ್ಲಂದ್ರ ಹನಿ ಬೀಳಂಗಿಲ್ರೀ ಡಾಕ್ಟ್ರೇ" ಎಂದರು ಕಲಬುರ್ಗಿ ಕಡೆಯ ಸಿಸ್ಟರ್. ಮಾತು ಸರಿಯೇ. ಆದರೆ ಆ ತೂತಿನಿಂದ ವಾರ್ಡಿನ ಗಾಳಿ ಸೋಸದೆ ಒಳಗೆ ಸೇರುತ್ತದೆ. ತಾನಾಗಿ ಕುಗ್ಗುವ ಚೀಲಕ್ಕೆ ಈ ತೂತೇ ಬೇಡ. ದುಡ್ಡು ಜಾಸ್ತಿಯಾದ್ದರಿಂದ ಸೆಂಟ್ರಲ್ ಲೈನ್ ಇರುವವರಿಗೆ ಮಾತ್ರ ಚೀಲ, ಉಳಿದವರಿಗೆ ಗಾಳಿ ಸೋಸಿ ಒಳಬಿಡುವ, ಫಿಲ್ಟರ್ ಇರುವ ಏರ್‌ವೆಂಟ್ ಸೆಟ್.

ಲೈನ್ ತೊಳೆಯಲು ಟ್ರಾಲಿ ಮೇಲಿಡುತ್ತಿದ್ದ ಫ್ಲಶ್ ಬಾಟಲಿ ಇನ್ನೂ ಕೆಟ್ಟದ್ದು. 100 ಎಂಎಲ್ ಸಲೈನ್, ಅದರಲ್ಲೇ ನೆಟ್ಟ ಸೂಜಿ, ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲ ರೋಗಿಗಳಿಗೂ ಅದೇ. ಒಂದೇ ವಾರದಲ್ಲಿ ಮೂರು ಹಾಸಿಗೆಯಲ್ಲಿ ಒಂದೇ ಬ್ಯಾಕ್ಟೀರಿಯಾ ಕಂಡರೆ ನಾನು ಮೊದಲು ಹುಡುಕುವುದು ಇದನ್ನೇ. ಈಗ 10 ಎಂಎಲ್ ಆಂಪೂಲ್, ಒಬ್ಬರಿಗೆ ಒಂದು. ಮಿಕ್ಕಿದ್ದು ಸಿಂಕಿಗೆ.

ಲೈನ್‌ನ ಹಬ್ ಅನ್ನು (ಸಿರಿಂಜ್ ಸಿಕ್ಕಿಸುವ ತುದಿ) ಆಲ್ಕೋಹಾಲ್ ಸ್ವಾಬ್‌ನಿಂದ 15 ಸೆಕೆಂಡ್ ತಿರುಚಿ ಉಜ್ಜಿ, ಒಣಗಲು ಬಿಡಿ. ಒದ್ದೆಯಲ್ಲೇ ಸಿರಿಂಜ್ ಸಿಕ್ಕಿಸಿದರೆ ಉಜ್ಜಿದ್ದು ದಂಡ. ಸ್ಪಿರಿಟ್ ಡಬ್ಬಿಯಲ್ಲಿ ನೆನೆಹಾಕಿದ ಹತ್ತಿ ಬೇಡ. ಮುಚ್ಚಳ ಹತ್ತಾರು ಸಲ ತೆರೆದ ಮೇಲೆ ಸ್ಪಿರಿಟ್ ಹಾರಿ, ಸಂಜೆಗೆ ಉಳಿಯುವುದು ಬರೀ ತೇವ.

ಪಾರದರ್ಶಕ ಡ್ರೆಸಿಂಗ್ 7 ದಿನ, ಗಾಜ್ (ತೆಳು ಹತ್ತಿ ಬಟ್ಟೆ) ಆದರೆ 2 ದಿನ. ಇದು ಪುಸ್ತಕದ ಲೆಕ್ಕ. ಮುಂಬೈ ಮಳೆಗಾಲದ ಸೆಕೆಗೆ, ಅದರಲ್ಲೂ ಎಸಿ ಕೈಕೊಟ್ಟ ದಿನ, ಕುತ್ತಿಗೆಯ ಡ್ರೆಸಿಂಗ್ ಅಂಚು ಮರುದಿನವೇ ಏಳುತ್ತದೆ. ಮೇಲೊಂದು ಟೇಪ್ ಹಚ್ಚಬೇಡಿ, ಪೂರ್ತಿ ಬದಲಿಸಿ. ಬೆವರು ಜಾಸ್ತಿ ಇರುವವರಿಗೆ ಗಾಜ್ ಡ್ರೆಸಿಂಗೇ ವಾಸಿ. ರೋಗಿಗೆ ಸ್ಪಂಜ್ ಮಾಡಿಸುವ ಮಾವಶಿಗೂ (ವಾರ್ಡಿನ ಆಯಾ) ಇದನ್ನು ಹೇಳಿಕೊಡಿ, ಎದ್ದ ಅಂಚು ಮೊದಲು ಕಾಣುವುದು ಅವರಿಗೆ.

ಜ್ವರ ಬಂದರೆ ಲೈನ್‌ನಿಂದ ಒಂದು, ಕೈಯ ರಕ್ತನಾಳದಿಂದ ಒಂದು, ಸಮ ಪ್ರಮಾಣದಲ್ಲಿ, ಒಟ್ಟಿಗೇ ಕಲ್ಚರ್ ಕಳಿಸಿ. ಲೈನ್‌ನದ್ದು 2 ಗಂಟೆ ಮೊದಲು ಪಾಸಿಟಿವ್ ಆದರೆ ಮೂಲ ಲೈನೇ.

ಸೋಂಕಿನ ಲೆಕ್ಕಕ್ಕೆ, ದಿನಾ ಒಂದೇ ಹೊತ್ತಿಗೆ ಲೈನ್ ಇರುವ ರೋಗಿಗಳನ್ನು ಎಣಿಸಿ. ಒಬ್ಬರಿಗೆ ಎರಡು ಲೈನ್ ಇದ್ದರೂ ಒಂದೇ. ದಿನದಿನದ ಈ ಎಣಿಕೆ ಕೂಡಿದರೆ ಲೈನ್‌ದಿನ. 400 ಲೈನ್‌ದಿನಕ್ಕೆ 2 ಸೋಂಕು ಅಂದರೆ ಸಾವಿರಕ್ಕೆ 5. ರೌಂಡ್ಸ್‌ನಲ್ಲಿ ಪ್ರತಿ ಹಾಸಿಗೆಯಲ್ಲೂ ಕೇಳುತ್ತೇವೆ: ಈ ಲೈನ್ ಇವತ್ತು ಯಾಕೆ ಬೇಕು? "ರಕ್ತ ತೆಗೆಯೋಕೆ ಸುಲಭ" ಅನ್ನುವುದಷ್ಟೇ ಉತ್ತರವಾದರೆ, ಊಟದ ಹೊತ್ತಿಗೆ ಲೈನ್ ಹೊರಗೆ.