ಪದವಿನಲ್ಲಿ ಈಟಿ ಹುಲ್ಲು: ನಾನು ಗುರುತು ಹಿಡಿಯುವ ಕ್ರಮ

ಬಟ್ಟೆಗೆ ಚುಚ್ಚಿದರೆ ಸಾಕು, ಈಟಿ ಹುಲ್ಲು ಎಂದುಬಿಡುವವರಿದ್ದಾರೆ. ಕೊಣಾಜೆ, ಮಣಿಪಾಲ ಕಡೆಯಂಥ ಮುರಕಲ್ಲಿನ ಪದವುಗಳಲ್ಲಿ (ಎತ್ತರದ ಹುಲ್ಲುಬಯಲುಗಳಲ್ಲಿ) ಆ ಅಂದಾಜು ನಡೆಯುವುದಿಲ್ಲ. ಚುಚ್ಚುವ ಹುಲ್ಲು ಹಲವು ಬಗೆ. ನಾನು ಈಟಿ ಹುಲ್ಲು ಎಂದು ಹುಡುಕುವುದು ಸಸ್ಯಶಾಸ್ತ್ರದಲ್ಲಿ ಹೆಟೆರೋಪೋಗಾನ್ ಕಾಂಟಾರ್ಟಸ್ ಎನ್ನುವುದನ್ನು. ಮಳೆ ಎಷ್ಟೇ ಸುರಿದರೂ ಕಲ್ಲಿನ ಮೇಲಿನ ತೆಳು ಮಣ್ಣಲ್ಲಿ ನೀರು ನಿಲ್ಲದು, ದೀಪಾವಳಿ ಕಳೆಯುತ್ತಲೇ ಪದವು ಒಣಗುತ್ತದೆ. ಎಳೆ ತೆನೆ, ಬಲಿತ ತೆನೆ ಎರಡೂ ಸಿಗುವುದು ಆಗಲೇ. ತಡವಾದರೆ ಕಾಳುದುರಿ ಬರೀ ಕಡ್ಡಿ.

ಮೊದಲು ಬುಡ ನೋಡುತ್ತೇನೆ. ಹಲವು ವರ್ಷ ಬಾಳುವ ಹಿಂಡು. ಕಡ್ಡಿಯನ್ನು ಸುತ್ತಿದ ಎಲೆಬುಡ ಚಪ್ಪಟೆ, ಬೆನ್ನಲ್ಲಿ ಏಣು. ಎಲೆಯ ತುದಿ ಚೂಪಲ್ಲ, ಮೊಂಡು. ತೆನೆಯಿಲ್ಲದಾಗ ಇಷ್ಟರಿಂದ ಸಂಶಯಪಡಬಹುದು, ತೀರ್ಮಾನಿಸಬಾರದು.

ತೀರ್ಮಾನ ತೆನೆಯಲ್ಲಿದೆ. ಕವಲಿನ ತುದಿಗೆ ಒಂದೇ ತೆನೆ. ಬಿಳಿ ಕಾಗದದ ಮೇಲಿಟ್ಟು 10 ಪಟ್ಟು ಮಸೂರದಡಿ ಸೂಜಿಯಿಂದ ಕೆಳಗಿನಿಂದಲೇ ಬಿಡಿಸಬೇಕು. ತೆನೆಯ ಪುಟ್ಟ ಘಟಕಗಳಾದ ಕಿರುತೆನೆಗಳು ಜೋಡಿಜೋಡಿಯಾಗಿರುತ್ತವೆ. ಕೆಳಗಿನ ಕೆಲವು ಜೋಡಿ ಹಸಿರು, ಒಂದರ ಮೇಲೊಂದು ಹೊದ್ದಿರುತ್ತವೆ, ಶೂಕವೇ (ತುದಿಯ ಕೂದಲಿನಂಥ ಗಟ್ಟಿ ಎಳೆ) ಇಲ್ಲ. ಮೇಲಿನ ಜೋಡಿಗಳಲ್ಲಿ ತೊಟ್ಟಿಲ್ಲದ ಕಿರುತೆನೆ ಮಾತ್ರ ಕಾಳಾಗುತ್ತದೆ: ಬುಡದಲ್ಲಿ ಕೆಂಗಂದು ರೋಮದ ಚೂಪು ಮೊನೆ, ತುದಿಯಲ್ಲಿ ಸುಮಾರು 6–10 ಸೆಂ.ಮೀ. ಉದ್ದದ, ಎರಡು ಜಾಗದಲ್ಲಿ ಬಾಗಿದ ಕಡುಕಂದು ಶೂಕ. ಬಲಿತಾಗ ಶೂಕಗಳೆಲ್ಲ ಹೆಣೆದುಕೊಂಡು ಜಡೆಯಂತಾಗುತ್ತವೆ. ಶೂಕವಿಲ್ಲದ ಆ ಕೆಳಜೋಡಿಗಳನ್ನು ನೋಡದೆ ಹೆಸರು ಬರೆಯಬೇಡಿ.

ಒಣ ಶೂಕಕ್ಕೆ ನೀರಿನ ಹನಿ ಬಿಟ್ಟರೆ ಅದು ತಿರುಗುವುದನ್ನು ಕಣ್ಣಾರೆ ನೋಡಬಹುದು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಗುರುತಿಗೆ ಮಾತ್ರ ಅದು ಆಧಾರವಲ್ಲ, ಥೀಮೆಡಾ ಹುಲ್ಲಿನ ಶೂಕವೂ ಹಾಗೆಯೇ ತಿರುಗುತ್ತದೆ. ಥೀಮೆಡಾದಲ್ಲಿ ದೋಣಿಯಾಕಾರದ ಎಲೆಗಳ ನಡುವೆ ತೆನೆಗಳು ಗೊಂಚಲಾಗಿರುತ್ತವೆ, ಪ್ರತಿ ತೆನೆಯ ಬುಡಕ್ಕೆ ನಾಲ್ಕು ಕಿರುತೆನೆ ಸುತ್ತುವರಿದಿರುತ್ತವೆ. ಅರಿಸ್ಟಿಡಾ ಹುಲ್ಲಿನ ಶೂಕ ಮೂರು ಕವಲು. ದಾರಿಬದಿಯಲ್ಲಿ ಹರಡಿ ಲುಂಗಿಗೆ ಹತ್ತುವುದು ಹೆಚ್ಚಾಗಿ ಕ್ರೈಸೊಪೋಗಾನ್ ಅಸಿಕ್ಯುಲಾಟಸ್. ನೆಲದ ಮೇಲೆ ಹಬ್ಬುತ್ತದೆ, ಶೂಕ ಸೆಂಟಿಮೀಟರಿಗಿಂತ ಗಿಡ್ಡ. ಇನ್ನೊಂದು ಹತ್ತಿರದ ನೆಂಟ ಹೆಟೆರೋಪೋಗಾನ್ ಮೆಲನೋಕಾರ್ಪಸ್ ಒಂದೇ ವರ್ಷದ ಹುಲ್ಲು. ಅದರ ಗಂಡು (ಕಾಳಾಗದ) ಕಿರುತೆನೆಯ ಬೆನ್ನಲ್ಲಿ ಗ್ರಂಥಿಗಳ ಸಾಲು ಕಾಣುತ್ತದೆ.

ಮಾದರಿಯನ್ನು ಬೇರುಸಹಿತ ಅಗೆದು ತೆಗೆಯಿರಿ. ಬಲಿತ ತೆನೆಯನ್ನು ಎಳೆದರೆ ಮೇಲಿನ ಭಾಗವಷ್ಟೇ ಕಳಚಿ ಕೈಗೆ ಬರುತ್ತದೆ, ಬೇಕಾದ ಕೆಳಜೋಡಿ ಗಿಡದಲ್ಲೇ ಉಳಿಯುತ್ತದೆ; ಅಂಥ ತೆನೆಯನ್ನು ಕತ್ತರಿಯಲ್ಲಿ ಕೊಯ್ದು ಕಾಗದದ ಪೊಟ್ಟಣಕ್ಕೆ ಹಾಕಿ. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ, ಮೊದಲ ವಾರ ಒತ್ತುಕಾಗದವನ್ನು (ಮಾದರಿಯನ್ನು ಒತ್ತಿ ಒಣಗಿಸುವ ಕಾಗದ) ದಿನವೂ ಬದಲಿಸಬೇಕು.