ಅಪ್ಪನ ತಿಥಿ, ಟೀ ಅಂಗಡಿ ಮುಂದೆ

ಅಪ್ಪನ ನಾಲಿಗೆ ಅಂಚಿನಲ್ಲಿ ಒಂದು ಹುಣ್ಣಾಗಿತ್ತು. "ಉಷ್ಣ ಕಣೋ" ಅಂತ ಮಜ್ಜಿಗೆ ಕುಡಿದರು. ಅಮ್ಮ ಗಸಗಸೆ ಪಾಯಸ ಮಾಡಿದರು. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು, ಬಾಯಿಗೆ ಟಾರ್ಚ್ ಹಾಕಿ ನೋಡಲಿಲ್ಲ. ಹೀಗೇ 4 ತಿಂಗಳು ಹೋಯಿತು. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕುತ್ತಿಗೆಯಲ್ಲೂ ಗಂಟು. 40 ವರ್ಷ ಎಲೆ-ಅಡಿಕೆ ಜೊತೆ ಕಡ್ಡಿಪುಡಿ ಹಾಕಿದ ಬಾಯಿ ಅದು.

ಮೊದಲ ವರ್ಷದ ತಿಥಿಗೆ, ನೆಂಟರಿಗೆ ಊಟ ಹಾಕಿಸುವ ದುಡ್ಡಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಶಾಮಿಯಾನ ಹಾಕಿಸಿದೆ. 'ಕ್ಯಾನ್ಸರ್ ಜಾಗೃತಿ ಶಿಬಿರ' ಅಂತ ಬ್ಯಾನರ್, ಅದರಲ್ಲಿ ಹಾರ ಹಾಕಿದ ಅಪ್ಪನ ಫೋಟೋ, ಮೈಕು. ಬಂದವರು 11 ಜನ, ಅದರಲ್ಲಿ 4 ಜನ ನಮ್ಮ ನೆಂಟರೇ. ಹಮಾಲಿಯೊಬ್ಬರು ಹೋಗ್ತಾ ಅಂದರು: "ಸತ್ತೋರ ಫೋಟೋ ತೋರಿಸಿ ಬಾಯಿ ತೆಗಿ ಅಂದ್ರೆ ಯಾರು ತೆಗೀತಾರೆ ಸ್ವಾಮಿ?"

ಹೌದಲ್ವಾ!

ಮುಂದಿನ ವರ್ಷ ಫೋಟೋ ಇಲ್ಲ, ಮೈಕಿಲ್ಲ, ಕ್ಯಾನ್ಸರ್ ಅನ್ನೋ ಪದವೂ ಇಲ್ಲ. 'ಹಲ್ಲು-ಬಾಯಿ ಪರೀಕ್ಷೆ, ಟೀ ಫ್ರೀ' ಅಷ್ಟೇ. ಲೋಡ್ ಇಳಿಸಿ ಎಲ್ಲರೂ ಟೀಗೆ ಬರುವ ಹೊತ್ತಿಗೆ ಅಂಗಡಿ ಮುಂದೆ ಕುರ್ಚಿ ಹಾಕಿದೆವು. ಪರಿಚಯದ ದಂತವೈದ್ಯೆ ಟಾರ್ಚು, ಗ್ಲೌಸು, ಒಂದು ಕನ್ನಡಿ ತಂದಿದ್ದರು. ಅವರು ಮೊದಲು ಮಾಡಿಸಿದ್ದು ಬೆರಳಾಟ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು, ಹಾಗೇ ಬಾಯಿಗೆ ಹಾಕಿ ನೋಡಿ. ಸುಮಾರಾಗಿ ಎಲ್ಲರಿಗೂ ಹೋಗುತ್ತೆ.

25 ದಾಟಿರದ ಹುಡುಗನೊಬ್ಬನಿಗೆ ಎರಡೇ ಹೋಯಿತು. ನಕ್ಕ. ಬೆರಳನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಹಾಕಿದ. ಎರಡೇ. ಪಕ್ಕದವರ ನಗು ನಿಂತಿತು. ಡಾಕ್ಟರು ಕನ್ನಡಿಯಲ್ಲಿ ಅವನ ಕೆನ್ನೆಯ ಒಳಗನ್ನು ಅವನಿಗೇ ತೋರಿಸಿದರು. ಬೆಳ್ಳಗೆ, ಮುಟ್ಟಿದರೆ ಹುರಿಹಗ್ಗದ ಹಾಗೆ ಗಟ್ಟಿ. "ಊಟಕ್ಕೆ ಖಾರ ತಡೆಯಲ್ಲ ಅಲ್ವಾ?" ಅಂದರು. "ಹೂಂ. ಆದ್ರೆ ನಾನು ತಂಬಾಕು ಮುಟ್ಟಲ್ಲ ಮೇಡಂ, ಬರೀ ಅಡಿಕೆ."

ಬಾಯಿ ಹೀಗೆ ಬಿಗಿಯಾಗೋಕೆ ಬರೀ ಅಡಿಕೆಯೇ ಸಾಕು, ಮುಂದೆ ಅದು ಕ್ಯಾನ್ಸರಿಗೂ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. (ಅಮ್ಮನ ಕಡೆಯವರು ಅಡಿಕೆ ಬೆಳೆಗಾರರು. ಇದನ್ನು ಹೇಳಿದ ಮೇಲೆ ಮದುವೆಮನೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ.) ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಕಂಡರೂ ತಡ ಮಾಡಬಾರದು. ಉಷ್ಣದ ಹುಣ್ಣಾದರೆ ಅಷ್ಟರಲ್ಲಿ ವಾಸಿಯಾಗಿರುತ್ತೆ.

ಪರೀಕ್ಷೆ ಸುಲಭದ ಕೆಲಸ. ಆಸ್ಪತ್ರೆಗೆ ಅಂತ ಚೀಟಿ ಬರೆದುಕೊಟ್ಟರೆ ಯಾರೂ ಹೋಗಲ್ಲ, ಒಂದು ದಿನದ ಕೂಲಿ ಹೋಗುತ್ತಲ್ಲ. ಹಾಗಾಗಿ ಈಗ ತಿಥಿ ದುಡ್ಡು ಅದಕ್ಕೇ: ಆ ದಿನದ ಕೂಲಿ, ಆಟೋ ಚಾರ್ಜು. ಓಪಿಡಿ ಸಾಲಿನಲ್ಲಿ ನಾನೇ ಜೊತೆಗೆ ನಿಲ್ಲುತ್ತೇನೆ. ಕಳೆದ ವರ್ಷ 7 ಚೀಟಿ ಬರೆದೆವು, 5 ಜನ ಬಂದರು. ಉಳಿದಿಬ್ಬರಿಗೆ ಫೋನ್ ಮಾಡ್ತಾನೇ ಇದ್ದೇನೆ. ಚೀಟಿ ಹಿಂದೆ ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356 ಇರುತ್ತೆ, ಕರೆ ಉಚಿತ.

ಮನೆಯಲ್ಲಿ ಎಡೆ ಇಡುವುದನ್ನು ಅಮ್ಮ ಬಿಟ್ಟಿಲ್ಲ. ಈ ಸಲ ತಾಂಬೂಲ ಇಡುವಾಗ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ನೋಡಿದರೆ ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಒಂದು ಬಾಳೆಹಣ್ಣು. "ಅಡಿಕೆ ಎಲ್ಲಮ್ಮಾ?" ಅಂದೆ.

"ಕೇಳಿದ್ರೆ ಖಾಲಿಯಾಗಿದೆ ಅಂತ ಹೇಳ್ತೀನಿ ಬಿಡು" ಅಂದರು.