ಬೆಂಕಿ ಆರಿದ ಮೇಲೂ ಉರಿಯುವ ಬೇಲಿ ಕಂಬ

ನಮ್ಮ ಸಾಗರದ ಕಡೆ ಬೇಸಿಗೆಯಲ್ಲಿ ಬೇಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಬೆಂಕಿ ಬೀಳುವುದು ಹೊಸತಲ್ಲ. ಒಣಗಿದ ಕರಡಕ್ಕೆ ಒಂದು ಬೀಡಿ ತುಂಡು ಸಾಕು. ಹುಲ್ಲಿನ ಬೆಂಕಿ ಬಂದಷ್ಟೇ ಬೇಗ ಹೋಗುತ್ತದೆ. ಹೋದ ಬೇಸಿಗೆಯೂ ಹಸಿ ಸೊಪ್ಪಿನಿಂದ ಬಡಿದು ಆರಿಸಿ ಮನೆಗೆ ಬಂದೆವು.

ಬೆಳಗ್ಗೆ ಹೋಗಿ ನೋಡಿದರೆ ಬೇಲಿ ಮಲಗಿತ್ತು. ಹಳೇ ಅಕೇಶಿಯಾ ಗೂಟಗಳು ಮೇಲೆ ಕರಕಲಾಗಿದ್ದವು, ಒಳಗೆ ಗಟ್ಟಿ. ಕೊಳೆಯದಂತೆ, ಒರಲೆ ಹಿಡಿಯದಂತೆ ಔಷಧಿ ಕುಡಿಸಿದ, ದುಡ್ಡು ಕೊಟ್ಟು ತಂದ ಹಸಿರು ಬಣ್ಣದ ಮರದ ಕಂಬಗಳೇ ಬುಡ ಸುಟ್ಟು ತಂತಿಗೆ ಜೋತುಬಿದ್ದಿದ್ದವು. ಒಂದರಲ್ಲಿ ಇನ್ನೂ ಬೆಂಕಿ ಇತ್ತು. ಉರಿ ಇಲ್ಲ. ಬಿರುಕಿನ ಅಂಚಿನಲ್ಲಿ ಊದುಬತ್ತಿಯ ತುದಿಯಂಥ ಕೆಂಪು ಗೆರೆ, ಅದರ ಹಿಂದೆ ಬೂದಿ. ಒಂದು ಚೊಂಬು ನೀರು ಹೊಯ್ದೆ, ಚುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊಗೆ.

ಈ ಔಷಧಿಯಲ್ಲಿರುವುದು ತಾಮ್ರ, ಕ್ರೋಮಿಯಂ, ಆರ್ಸೆನಿಕ್. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ ಕಂಡುಹಿಡಿದದ್ದು. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಒರಲೆಗೆ. ಎರಡೂ ಮಳೆಗೆ ತೊಳೆದುಹೋಗದಂತೆ ಹಿಡಿದಿಡುವುದು ಕ್ರೋಮಿಯಂ. ನಮ್ಮ ಮಳೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ತೊಂದರೆ ಇರುವುದು ಬೆಂಕಿಯಲ್ಲಿ. ಮರ ಕಾದಾಗ ಹೊರಬರುವ ಅನಿಲ ಹೊತ್ತಿ ಉರಿಯುತ್ತದೆ, ಹಿಂದೆ ಇದ್ದಿಲು ಉಳಿಯುತ್ತದೆ. ಬರೀ ಮರದ ದಪ್ಪ ಗೂಟವಾದರೆ ಉರಿ ಹೋದಮೇಲೆ ಇದ್ದಿಲು ಸಾಮಾನ್ಯವಾಗಿ ತಣ್ಣಗಾಗುತ್ತದೆ. ತಾಮ್ರ, ಕ್ರೋಮಿಯಂ ಇದ್ದರೆ ಅವು ವೇಗವರ್ಧಕದ ಕೆಲಸ ಮಾಡುತ್ತವೆ. ಕಡಿಮೆ ಶಾಖದಲ್ಲೂ ಇದ್ದಿಲು ಗಾಳಿಯ ಆಮ್ಲಜನಕದ ಜೊತೆ ಸೇರಿ ಸುಡುತ್ತಲೇ ಹೋಗುತ್ತದೆ.

ಅದಕ್ಕೇ ಈಗ ಬೆಂಕಿ ಬಡಿದಾದ ಮೇಲೂ ಕಂಬದಿಂದ ಕಂಬಕ್ಕೆ ಹೋಗುತ್ತೇನೆ. ಕತ್ತಿಯಲ್ಲಿ ಕರಕಲು ಕೆರೆದು, ಬಿರುಕಿನ ಒಳಗೇ ಕ್ಯಾನಿನ ನಳಿಗೆ ಇಟ್ಟು ನೀರು ಬಿಡುತ್ತೇನೆ. ಕತ್ತಲಾದ ಮೇಲೆ ಇನ್ನೊಂದು ಸುತ್ತು. ಕೆಂಪು ಗೆರೆ ಕಾಣುವುದು ಆಗಲೇ. ಬೇಸಿಗೆಗೆ ಮೊದಲೇ ಬುಡದ ಸುತ್ತ ಹುಲ್ಲು ಕೆತ್ತಿಸುವುದು ಇದಕ್ಕಿಂತ ಸುಲಭ.

ಈ ಔಷಧಿಯ ಬದಲು ಬೋರಾಕ್ಸ್, ಬೋರಿಕ್ ಆಮ್ಲ ಕುಡಿಸಿದ ಮರ ಹೀಗೆ ಕನಲುವುದು ಕಡಿಮೆ. ಆದರೆ ಅದು ಮಳೆಗೆ ತೊಳೆದುಹೋಗುತ್ತದೆ. ಕೊಟ್ಟಿಗೆಯ ಅಟ್ಟಕ್ಕೆ ಸರಿ, ಬೇಲಿಗೆ ಅಲ್ಲ. ಬೇಣದ ಅಂಚಿಗೆ ಕಲ್ಲು ಕಂಬ ಹಾಕಿಸಿದೆ. ಖರ್ಚು ಜಾಸ್ತಿಯೇ.

ಸುಟ್ಟುಳಿದ ಔಷಧಿ ಕಂಬದ ತುಂಡುಗಳನ್ನು ಬಚ್ಚಲೊಲೆಗೆ ಹಾಕೋಣ ಎಂದರು ಮನೆಯಲ್ಲಿ. ಬೇಡ ಎಂದೆ. ಆರ್ಸೆನಿಕ್ ವಿಷ. ಅದು ಸ್ವಲ್ಪ ಹೊಗೆಯಲ್ಲಿ ಹೋದರೆ ಉಳಿದದ್ದು ಬೂದಿಯಲ್ಲೇ ಇರುತ್ತದೆ. ನಮ್ಮ ಬಚ್ಚಲ ಬೂದಿ ಹೋಗುವುದು ನೇರ ತೋಟಕ್ಕೆ.